ಹೂಂ ಅನ್ನುವವರು

ಪೆಟ್ಟಿಗೆ ಊಟದ ಡಬ್ಬಿಯಷ್ಟೇ ದೊಡ್ಡದು. ಮುಂದೊಂದು ಹಸಿರು ದೀಪ, ದೀಪದ ಕೆಳಗೆ ಜರಡಿಯಂಥ ಜಾಲರಿ. ಕಸ್ತೂರಿ ಅದರ ಎದುರು ಕುರ್ಚಿಯ ಅಂಚಿನಲ್ಲಿ ಕೂತು, ಸೆರಗನ್ನು ಎರಡು ಸಲ ಸರಿಮಾಡಿಕೊಂಡು, ಜಾಲರಿಗೆ ತನ್ನ ಕಾಯಿಲೆ ಹೇಳತೊಡಗಿದಳು.

"ಎಚ್ಚರ ತಪ್ಪಿ ಬೀಳತೇನ್ರಿ. ಎರಡು ಸಲ ಆತು. ಮೊದಲನೇದ್ದು ನಮ್ಮ ಮನಿಯವ್ರು ತೀರಿ ಹನ್ನೊಂದು ದಿನಕ್ಕ. ಮುಂಜಾನೆ ಕಸಾ ಹೊಡಿಯಾಕತ್ತಿದ್ದೆ. ಆ ಕಸಬರಿಗಿನೂ ಅವ್ರ ತಂದಿದ್ದು. ಅವತ್ತಿಂದ ರೊಟ್ಟಿ ಸೇರವಲ್ದು. ನನಗೊಬ್ಬಾಕಿ ತಂಗಿ ಇದ್ದಳ್ರಿ..."

ಅವಳು ನಿಲ್ಲಿಸಿ ದೀಪದ ಕಡೆ ನೋಡಿದಳು. ದೀಪ ಹಾಗೇ ಉರಿಯುತ್ತಿತ್ತು. ಜಾಲರಿಯನ್ನು ನೋಡಿದಳು. ಬಾಗಿಲ ಬಳಿ ಕೂತಿದ್ದ ಅಪರಿಚಿತ ಹೆಂಗಸನ್ನೂ ಒಮ್ಮೆ ನೋಡಿ, "ಹಿಂಗಾತ್ ನೋಡ್ರಿ. ಅಷ್ಟ," ಎಂದು ಎದ್ದಳು.

ನಲವತ್ತು ಸೆಕೆಂಡಿನಲ್ಲಿ ಪೆಟ್ಟಿಗೆಯಿಂದ ಒಂದು ಹಾಳೆ ಹೊರಬಂತು. ಐವತ್ತೆಂಟು ವರ್ಷದ ಈ ಮಹಿಳೆ ಮೂವತ್ತೈದು ವರ್ಷ ಜೊತೆಗಿದ್ದ ಗಂಡನನ್ನು ಕಳೆದುಕೊಂಡಿದ್ದಾಳೆ, ಕಸಬರಿಗೆಯಿಂದ ಹಿಡಿದು ಮನೆಯ ಒಂದೊಂದು ವಸ್ತುವೂ ಅವನನ್ನು ನೆನಪಿಸುತ್ತದೆ, ಊಟ ಬಿಟ್ಟಿದ್ದಾಳೆ, ಬಳಲಿಕೆಯಿಂದ ಎಚ್ಚರ ತಪ್ಪುತ್ತಾಳೆ, ಒಡಹುಟ್ಟಿದವಳ ಆಸರೆಯೂ ಈಗ ಇಲ್ಲ. ಡಾಕ್ಟರ್ ಪವನ್ ಬಳಿಗಾರ ಅದನ್ನು ಒಂದೇ ಉಸಿರಿಗೆ ಓದಿ, ಇಸಿಜಿಯ ಪಟ್ಟಿಯನ್ನೂ ಒಮ್ಮೆ ನೋಡಿ, ಶಕ್ತಿಯ ಗುಳಿಗೆ ಬರೆದರು. ಮನಸ್ಸಿಗೆ ಸಮಾಧಾನ ಹೇಳುವವರ ಬಳಿಗೂ ಒಂದು ಚೀಟಿ ಕೊಟ್ಟರು.

ಬಾಗಿಲ ಬಳಿ ಕೂತಿದ್ದವಳು ಡಾಕ್ಟರ್ ಇಂಚರಾ ಹೆಬ್ಬಳ್ಳಿ. ಪೆಟ್ಟಿಗೆ ಅವಳದೇ ಸೃಷ್ಟಿ. ಗದಗ ಸೀಮೆಯ ಈ ಸಣ್ಣ ಆಸ್ಪತ್ರೆಗೆ ಅದು ಬಂದು ಐದು ವರ್ಷವಾಗಿತ್ತು. ಹೇಗೆ ನಡೆದಿದೆ ಎಂದು ನೋಡಲು ಧಾರವಾಡದ ತನ್ನ ಪ್ರಯೋಗಾಲಯದಿಂದ ಬಂದಿದ್ದಳು. ಹಾಳೆ ಓದಿ ಅವಳಿಗೆ ಸಂತೋಷವೇ ಆಯಿತು. ಕಸಬರಿಗೆಯನ್ನೂ ಬಿಡದೆ ಹಿಡಿದಿತ್ತಲ್ಲ!

ಕಾಗದಪತ್ರಗಳಲ್ಲಿ ಅದರ ಹೆಸರು ಕಥನಸೂತ್ರ. ಜನ ಕರೆಯುತ್ತಿದ್ದುದು ಹೆಣಿಗಿ ಪೆಟ್ಟಿಗಿ ಎಂದು. ಮನುಷ್ಯರು ಹಿಂದುಮುಂದಾಗಿ ಹೇಳುವ ಮಾತಿನ ಚೂರುಗಳನ್ನು ಆರಿಸಿ, ಯಾವುದರಿಂದ ಯಾವುದಾಯಿತು ಎಂಬ ಕಾರಣಸರಣಿಯನ್ನು ಹುಡುಕಿ, ಮೊದಲು, ನಡು, ಕೊನೆ ಇರುವ ಕತೆಯಾಗಿ ಜೋಡಿಸುವುದು ಅದರ ಕೆಲಸ. ೨೦೬೦ರ ಹೊತ್ತಿಗೆ ಅದಿಲ್ಲದ ಜಾಗವಿರಲಿಲ್ಲ. ಕೋರ್ಟಿನಲ್ಲಿ ಸಾಕ್ಷಿಯ ತೊದಲು ಮಾತು ಅದರೊಳಗೆ ಹೋಗಿ ಸ್ಪಷ್ಟ ಹೇಳಿಕೆಯಾಗಿ ಬರುತ್ತಿತ್ತು. ಶಾಲೆಯಲ್ಲಿ ಆಮ್ಲ ಕ್ಷಾರಗಳು ಜಗಳವಾಡಿ ರಾಜಿಯಾಗಿ ಉಪ್ಪಾಗುತ್ತಿದ್ದವು. ಹವಾಮಾನದವರ ಅಂಕಿಗಳು ಬಂಗಾಳಕೊಲ್ಲಿಯಿಂದ ಹೊರಟ ಮೋಡವೊಂದರ ಪ್ರಯಾಣವಾಗುತ್ತಿದ್ದವು. ಸುದ್ದಿಮನೆಯವರಂತೂ ಅದನ್ನು ಕೇಳದೆ ಒಂದು ಸಾಲೂ ಬರೆಯುತ್ತಿರಲಿಲ್ಲ.

ಹೇಳಿಕೆಯಲ್ಲಿ ಎಲ್ಲಾದರೂ ಖಾಲಿ ಬಿದ್ದರೆ, ಇಂಥ ಲಕ್ಷಾಂತರ ಕತೆಗಳಲ್ಲಿ ಅಲ್ಲಿ ಏನಿರುತ್ತದೋ ಅದನ್ನು ಪೆಟ್ಟಿಗೆ ತಾನೇ ತುಂಬುತ್ತಿತ್ತು. ಮೊದಲ ವರ್ಷ ಹಾಗೆ ತುಂಬಿದ ಸಾಲುಗಳು ತಿಳಿ ಶಾಯಿಯಲ್ಲಿ ಅಚ್ಚಾಗುತ್ತಿದ್ದವು. ಓದು ಮುಗ್ಗರಿಸುತ್ತದೆ ಎಂದು ಡಾಕ್ಟರುಗಳೂ ವಕೀಲರೂ ಗೊಣಗಿದರು. ಎರಡನೇ ವರ್ಷ ಇಂಚರಾ ಎಲ್ಲಕ್ಕೂ ಒಂದೇ ಶಾಯಿ ಇರಲೆಂದು ಒಪ್ಪಿಕೊಂಡಳು.

ಅವಳು ಇದನ್ನೆಲ್ಲ ಮಾಡಿದ್ದು ತಾಯಿ ಸುವರ್ಣಾಳ ಸಲುವಾಗಿ. ಸುವರ್ಣಾ ನಲವತ್ತನೇ ವಯಸ್ಸಿಗೆ ಎದೆನೋವಿನಲ್ಲಿ ಹೋಗಿಬಿಟ್ಟಿದ್ದಳು. ಡಾಕ್ಟರು ಅವಳ ಮಾತನ್ನು ಒಂದು ನಿಮಿಷವೂ ಕೇಳದೆ, ಗ್ಯಾಸ್ ಎಂದು ಕಳಿಸಿದ್ದರು. ಅಮ್ಮನಿಗೆ ಹೇಳಲು ಬರುತ್ತಿರಲಿಲ್ಲ, ಯಾವ ಮಾತನ್ನೂ ಅರ್ಧಕ್ಕೇ ಬಿಡುತ್ತಿದ್ದಳು ಎಂಬುದು ಇಂಚರಾಳ ನೆನಪು. ಹೇಳಲು ಬಾರದವರ ಕತೆಯನ್ನೂ ಯಾರಾದರೂ ಪೂರ್ತಿ ಮಾಡಿಕೊಡಬೇಕು ಎಂಬುದು ಅವಳ ಹಟ.

ಹೊರಗೆ ವರಾಂಡದಲ್ಲಿ ನರ್ಸ್ ಜೋಯಾ ನದಾಫ್ ಕಸ್ತೂರಿಯ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತುತ್ತಿದ್ದಳು. ಇಂಚರಾ ಪಕ್ಕದ ಬೆಂಚಿನಲ್ಲಿ ಕೂತು ತನ್ನ ವರದಿ ಬರೆಯುತ್ತಿದ್ದಳು.

"ಏನ್ ಕಸ್ತೂರಕ್ಕಾ, ಪೆಟ್ಟಿಗಿ ಮುಂದ ಎಲ್ಲಾ ಹೇಳಿದ್ಯಿಲ್ಲೋ?"

"ಹೇಳಿದೆವ್ವಾ. ಗ್ವಾಡಿಗೆ ಹೇಳಿದಂಗಾತು."

"ಹಂಗಾರ ಈಗ ಈ ಗ್ವಾಡಿಗೆ ಹೇಳು." ಬಾಗಿಲಾಚೆಯಿಂದ ಅರ್ಧಮರ್ಧ ಕೇಳಿಸಿಕೊಂಡಿದ್ದ ಜೋಯಾ ತನ್ನತ್ತ ಬೆರಳು ಮಾಡಿ ನಕ್ಕಳು. "ಕಸಾ ಹೊಡಿಯಾಕತ್ತಿದ್ದಿ, ಮುಂದ?"

"ಕಸಾ ಹೊಡಿಯಾಕತ್ತಿದ್ದೆ. ಕಪಾಟಿನ್ಯಾಗ ಅವ್ರ ಫೋನು ಬಡಕೊಂತು."

"ಹೂಂ!"

"ಸತ್ತವ್ರ ಫೋನವ್ವಾ. ಯಾರೋ ಗೊತ್ತಿಲ್ದವ್ರು ಮಾಡಿದ್ರು. ಬಡಕೊಂಡಿದ್ದಷ್ಟ ಗೊತ್ತು, ಕಣ್ಣು ಬಿಟ್ರ ನೆಲದ ಮ್ಯಾಲಿದ್ದೆ."

"ಹೂಂ... ಎರಡನೇದ್ದು?"

"ಕುಕ್ಕರ್ ಸೀಟಿಗೆ. ನನ್ನ ತಂಗಿನೂ ಹಿಂಗ ಹೋದ್ಲು. ಸಾಲಿ ಗಂಟಿ ಬಾರಿಸ್ತು, ಪಾಟೀಚೀಲ ಹಿಡಕೊಂಡ ಬಿದ್ಲು. ಹದಿನಾಕು ವರ್ಷ ಆಕಿಗೆ. ಅಂಜಿ ಸತ್ಲು ಅಂದ್ರು ಎಲ್ಲಾರೂ."

ಜೋಯಾಳ ಈ ಸಲದ 'ಹೂಂ' ಕೇಳಿಸಲೇ ಇಲ್ಲ, ಬರೀ ಉಸಿರಿನಷ್ಟಿತ್ತು. ಕಸ್ತೂರಿ ಮಾತ್ರ ಅದನ್ನು ಕೇಳಿಸಿಕೊಂಡಳು. ದನಿ ಇಳಿಸಿ ಮುಂದುವರಿಸಿದಳು.

"ಈಗ ನನ್ನ ಮಗಳು ಸಹನಾ ಬಾಣಂತಿ. ಎರಡು ತಿಂಗಳ ಕೂಸು. ಹಾಲು ಕುಡಸೂ ಹೊತ್ತಿಗೆ ಅಲಾರಂ ಇಟ್ಟಾಳ. ಮೊನ್ನೆ ಅಲಾರಂ ಹೊಡದ ಕೂಡಲೆ ಕಣ್ಣು ಕತ್ತಲಿ ಬಂತಂತ. ಬಾಣಂತಿ ನಿತ್ರಾಣ ಅಂತಾರ ಬೀಗ್ರು. ನನಗ ಅದ ಚಿಂತಿ. ಆಕಿ ಸಲುವಾಗಿನ ಇಲ್ಲೀತನಕ ಬಂದೆ."

ಇಂಚರಾಳ ಪೆನ್ನು ನಿಂತಿತು. ಫೋನು, ಸೀಟಿ, ಗಂಟೆ, ಅಲಾರಂ. ಅವಳು ವೈದ್ಯಳಲ್ಲ. ಆದರೂ ಎದ್ದುಹೋಗಿ ಪವನ್ ಅವರ ಮೇಜಿನ ಮುಂದೆ ನಿಂತು ನಾಲ್ಕನ್ನೂ ಹೇಳಿದಳು. ಪವನ್ ಮೊದಲು ಹಾಳೆಯನ್ನು ಹುಡುಕಿದರು. "ಇದ್ರಾಗ ಎಲ್ಲೂ ಇಲ್ಲಲ್ರಿ ಮೇಡಂ?" ಎನ್ನುತ್ತಲೇ ಸಹನಾಳ ಮನೆಗೆ ಆಂಬುಲೆನ್ಸ್ ಕಳಿಸಲು ಹೇಳಿದರು. ಸೈರನ್ ಹಾಕಬಾರದು ಎಂದೂ ಹೇಳಿದರು.

ತಾಯಿ ಮಗಳಿಬ್ಬರ ಹೃದಯವನ್ನೂ ಎರಡು ದಿನ ಬಿಡದೆ ಅಳೆದಾಗ ತಿಳಿಯಿತು. ಒಂದು ಬಡಿತ ಮುಗಿದು ಮುಂದಿನದಕ್ಕೆ ಸಜ್ಜಾಗಲು ಅವರ ಹೃದಯ ಉಳಿದವರಿಗಿಂತ ಒಂದಿಷ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಆ ಸಂದಿನಲ್ಲಿ ತಟ್ಟನೆ ಗಂಟೆ ಬಡಿದರೆ ತಾಳ ತಪ್ಪುತ್ತದೆ. ಕೆಲವೊಮ್ಮೆ ಮರಳಿ ಸೇರುವುದೇ ಇಲ್ಲ. ಒಮ್ಮೆ ತೆಗೆದ ಇಸಿಜಿಯಲ್ಲಿ ಇದು ಕಾಣದಿರಬಹುದು. ವಂಶದಲ್ಲಿ ಬರುವ ದೋಷ, ಹೆರಿಗೆಯ ನಂತರದ ತಿಂಗಳುಗಳಲ್ಲಿ ಹೆಚ್ಚು ಅಪಾಯ. ಔಷಧಿ ಇತ್ತು. ಸಹನಾಳ ಅಲಾರಂ ತೆಗೆಸಿದರು. ಹಾಲಿನ ಹೊತ್ತಿಗೆ ಮನೆಯವರು ಯಾರಾದರೂ ಮೆಲ್ಲಗೆ ಕರೆದರಾಯಿತು.

ಇಂಚರಾ ಹೆಣ್ಣುಮಕ್ಕಳ ವಾರ್ಡಿಗೆ ಹೋಗಿ ಕಸ್ತೂರಿಯ ಮಂಚದ ಪಕ್ಕ ಕೂತಳು.

"ಪೆಟ್ಟಿಗಿ ಮುಂದ ಇದನ್ನ ಯಾಕ ಹೇಳಲಿಲ್ರಿ ಕಸ್ತೂರಕ್ಕಾ? ತಂಗಿ ಇದ್ಲು ಅಂತ ಶುರು ಮಾಡಿದ್ರಿ."

"ಅದು ಹೂಂ ಅನಲಿಲ್ಲಲ್ರಿ." ಇಂಥ ಪ್ರಶ್ನೆಯನ್ನೂ ಕೇಳುತ್ತಾರೆಯೇ ಎಂಬಂತಿತ್ತು ಕಸ್ತೂರಿಯ ಮುಖ. "ಹೂಂ ಅನ್ನದವ್ರ ಮುಂದ ಸತ್ತ ತಂಗಿ ಸುದ್ದಿ ಹೆಂಗ ತಗೀಲಿ? ಸಣ್ಣಾಕಿದ್ದಾಗ ನಿಮ್ಮವ್ವ ನಿಮಗ ಕಥಿ ಹೇಳಿಲ್ಲೇನು? ಹೂಂ ನಿಂತ್ರ ಕಥಿ ನಿಂತಂಗ."

ಅಮ್ಮ ಹೇಳಿದ್ದಳು. ಇಂಚರಾಳಿಗೆ ಎಲ್ಲವೂ ಗೊತ್ತಿದ್ದುದೇ. ಪೆಟ್ಟಿಗೆಗೆ ಕತೆ ಕಲಿಸಲು ಈ ಸೀಮೆಯ ಸಾವಿರಾರು ಹೆಂಗಸರ ದನಿಮುದ್ರಿಕೆ ಕೂಡಿಸಿದಾಗ, ಎಲ್ಲದರಲ್ಲೂ ಎರಡು ಮಾತಿಗೊಮ್ಮೆ ಕೇಳುವವರ 'ಹೂಂ' ತುಂಬಿತ್ತು. ಅದು ಕತೆಯಲ್ಲ, ಗದ್ದಲ. ತೆಗೆದುಬಿಡಿ ಎಂದು ಸಹಾಯಕರಿಗೆ ಹೇಳಿದವಳು ಅವಳೇ. ಈಗ ಹಳೆಯ ದಾಖಲೆ ತೆಗೆದು ನೋಡಿದರೆ, ನೂರು ಹೆಂಗಸರಲ್ಲಿ ಅರುವತ್ತೆರಡು ಮಂದಿ ಪೆಟ್ಟಿಗೆಯ ಮುಂದೆ ನಾಲ್ಕು ಸೆಕೆಂಡು ಸುಮ್ಮನಿದ್ದು, "ಹಿಂಗಾತ್ ನೋಡ್ರಿ" ಎಂದು ಎದ್ದಿದ್ದರು. ಉಳಿದುದನ್ನು ಪೆಟ್ಟಿಗೆ ಹೇಳಿತ್ತು. ಎಷ್ಟು ಚೆಂದಾಗಿ ಹೇಳಿತ್ತೆಂದರೆ, ಹಾಳೆ ಓದಿಸಿದಾಗ ಆ ಹೆಂಗಸರೇ ಹೌದೆಂದು ತಲೆಯಾಡಿಸಿದ್ದರು.

ತಿಂಗಳೊಳಗೆ ಅವಳು ಪೆಟ್ಟಿಗೆಗೆ ಹೂಂ ಕಲಿಸಿದಳು. ಜೋಯಾಳದೇ ದನಿ. ತಪಾಸಣೆಗೆಂದು ಬಂದ ಕಸ್ತೂರಿಯನ್ನು ಅದರ ಮುಂದೆ ಕೂರಿಸಿದಳು. ಕಸ್ತೂರಿ ಎರಡು ಮಾತಾಡಿದಳು, ಪೆಟ್ಟಿಗೆ ಹೂಂ ಎಂದಿತು. ಅವಳು ಇನ್ನೆರಡು ಮಾತಾಡಿದಳು, ಆಮೇಲೆ ಕಣ್ಣಲ್ಲಿ ತುಂಟತನ ತಂದುಕೊಂಡು, "ನಿನ್ನೆ ನಮ್ಮನಿ ಎಮ್ಮಿ ಎಸ್ಸೆಲ್ಸಿ ಪಾಸಾತು," ಎಂದಳು.

"ಹೂಂ," ಎಂದಿತು ಪೆಟ್ಟಿಗೆ.

ಜೋಯಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಸ್ತೂರಿ ನಗಲಿಲ್ಲ. "ಇದು ಹೂಂ ಅಂತೈತ್ರಿ, ಕೇಳಂಗಿಲ್ಲ. ಇದಕ್ಕಿಂತ ಮೊದ್ಲಿನ ಮೂಗಪೆಟ್ಟಿಗಿನ ಚೊಲೊ ಇತ್ತು. ಕೇಳವಲ್ದು ಅಂತ ಗೊತ್ತರ ಆಗತಿತ್ತು."

ಮುಂದಿನ ವರ್ಷ ಇಂಚರಾಳ ಒತ್ತಾಯದಿಂದ ಹೊಸ ನಿಯಮ ಬಂತು. ಆಸ್ಪತ್ರೆಯಲ್ಲಾಗಲಿ ಕೋರ್ಟಿನಲ್ಲಾಗಲಿ, ಪೆಟ್ಟಿಗೆಯ ಪಕ್ಕ ಒಬ್ಬ ಮನುಷ್ಯ ಕೂತು ಕೇಳಬೇಕು. ಪೆಟ್ಟಿಗೆ ತಾನಾಗಿ ತುಂಬಿದ ಸಾಲು ಮತ್ತೆ ತಿಳಿ ಶಾಯಿಯಲ್ಲೇ ಇರಬೇಕು. ಕತೆ ಹೇಳುವ ಯಂತ್ರ ಕಂಡುಹಿಡಿದವಳು ಕೊನೆಗೆ ಕೇಳುವವರನ್ನು ನೇಮಿಸಿದಳು ಎಂದು ಪತ್ರಿಕೆಗಳು ಚೇಷ್ಟೆ ಮಾಡಿದವು. ಜನ ಅವರನ್ನು ಹೂಂ ಅನ್ನುವವರು ಎಂದೇ ಕರೆದರು. ಮೊದಲ ತಂಡಕ್ಕೆ ಪಾಠ ಹೇಳಲು ಜೋಯಾ ಧಾರವಾಡಕ್ಕೆ ಬಂದಳು. "ಪಾಠ ಏನೈತ್ರಿ ಇದ್ರಾಗ," ಎನ್ನುತ್ತಲೇ ಮೂರು ವಾರ ಹೇಳಿದಳು.

ಪಾಠಕ್ಕೆ ಉದಾಹರಣೆಗಳು ಬೇಕಾದವು. ಇಂಚರಾ ತೊಳೆದು ಶುಚಿ ಮಾಡಿದ್ದ ದನಿಗಳ ಮೂಲವನ್ನು ಹೊರತೆಗೆಸಿದಳು. ಮೊಟ್ಟಮೊದಲನೆಯದು ಅಮ್ಮನದು. ೨೦೨೬ರಲ್ಲಿ, ಅವಳಿಗೆ ಹದಿನೇಳಾಗಿದ್ದಾಗ, ಕಾಲೇಜಿನಲ್ಲಿ ಹಿರಿಯರ ಕತೆಯೊಂದನ್ನು ಮುದ್ರಿಸಿ ತರಲು ಹೇಳಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ಟ್ಯಾಬ್ ಇಟ್ಟು ಮುದ್ರಿಸಿದ್ದಳು. ಹೂಂಗಳನ್ನೂ ಕತೆಗೆ ಸೇರದ ಮಾತುಗಳನ್ನೂ ತೆಗೆದು ಶುಚಿ ಮಾಡಿದ ಪ್ರತಿಯನ್ನು ಎಷ್ಟೋ ಸಲ ಕೇಳಿದ್ದಳು: ಏಳು ಮಂದಿ ಅಕ್ಕತಂಗಿಯರ ಕತೆ, ಐದನೆಯವಳ ಹತ್ತಿರ ಬಂದು ಕಾರಣವಿಲ್ಲದೆ ನಿಂತುಹೋಗುತ್ತದೆ. ಮೂಲವನ್ನು ಅವಳು ಕೇಳಿರಲೇ ಇಲ್ಲ.

ಜೋಯಾ ಪಕ್ಕದಲ್ಲಿ ಕೂತಿದ್ದಳು. ಅಮ್ಮನ ದನಿ, ಒಗ್ಗರಣೆಯ ಸದ್ದು. ನಡುವೆ ಹದಿನೇಳರ ಹುಡುಗಿಯ 'ಹೂಂ'. ಪರದೆಯ ಮೇಲೆ ಪ್ರತಿ ಹೂಂಗೂ ಒಂದು ಕೆಂಪು ಗೆರೆ ಬೀಳುತ್ತಿತ್ತು. ಆರು ಸೆಕೆಂಡು, ಒಂದು ಗೆರೆ. ಆರು ಸೆಕೆಂಡು, ಇನ್ನೊಂದು. ಬಟ್ಟೆಗೆ ಹಾಕಿದ ಹೊಲಿಗೆಯಂತೆ ಒಂದೇ ಸಮ. ಹುಡುಗಿಯ ಕೈಯಲ್ಲಿ ಆಗ ಫೋನು ಇದ್ದಿರಬೇಕು, ಯಾವಾಗಲೂ ಇರುತ್ತಿತ್ತು.

"...ಐದನೇದಾಕಿ ಬಾವಿ ಕಟ್ಟಿ ಮ್ಯಾಲ ಕುಂತ್ಲು. ಯಾಕೋ ಇಂಚರಾ, ಮಾಳಗಿ ಹತ್ತಿದ್ರ ಎದಿ ಹಿಡದಂಗ ಆಗತದ ಇತ್ತಿತ್ಲಾಗ."

"ಹೂಂ."

"ಕೇಳಾಕತ್ತೀಯಿಲ್ಲೋ?"

"ಹೂಂ."

"ಐದನೇದಾಕಿ ಎಲ್ಲಿ ಕುಂತಿದ್ಲು ಹೇಳು ನೋಡೂಣು?"

"ಹೂಂ."

ಅಮ್ಮ ನಕ್ಕಳು. ಸಿಟ್ಟಿನ ನಗುವಲ್ಲ. "ಇರ್ಲಿ ತಗೋ," ಎಂದಳು. ಪಾತ್ರೆಯ ಮೇಲೆ ಮುಚ್ಚಳ ಬಿದ್ದ ಸದ್ದು, ಹಿತ್ತಲ ಬಾಗಿಲು ತೆರೆದು ಹಾಕಿಕೊಂಡ ಸದ್ದು.

ಜೋಯಾ ನಿಲ್ಲಿಸಲು ಕೈ ಚಾಚಿದಳು. ಇಂಚರಾ ಬೇಡವೆಂದಳು. ಮುದ್ರಿಕೆ ಇನ್ನೂ ಎರಡು ನಿಮಿಷ ಉಳಿದಿತ್ತು. ಅಡುಗೆಮನೆಯಲ್ಲಿ ಹೇಳುವವರು ಯಾರೂ ಇರಲಿಲ್ಲ. ಪರದೆಯ ಮೇಲೆ ಆರು ಸೆಕೆಂಡಿಗೊಂದು ಕೆಂಪು ಗೆರೆ ಮಾತ್ರ ಬೀಳುತ್ತಲೇ ಇತ್ತು.

"ಹೂಂ."

"ಹೂಂ."