ಹಿರಾಬಾಯಿ ಹಾಕಿದ ಹಾಲು

"ಬಿಡ್ರೀ ಆಕಿನ್ನ! ಮದಲ ಆ ಚಪ್ಲಿ ಮೂಗಿನಿಂದ ತಗೀರಿ!"

ಸಾಲೆಯ ಅಂಗಳದಲ್ಲಿ ಸೇರಿದ್ದ ಜನ ಬೆಚ್ಚಿ ತಿರುಗಿ ನೋಡಿದರು. ಸೊಲ್ಲಾಪುರದ ಎಸ್.ಟಿ. ಬಸ್ ಇಳಿದು ಬಂದಿದ್ದ ಯುವತಿಯೊಬ್ಬಳು ತಗಡಿನ ಟ್ರಂಕನ್ನು ಧೂಳಿನಲ್ಲೇ ಕೆಡವಿ ಓಡಿ ಬರುತ್ತಿದ್ದಳು.

ಮುಖ್ಯ ಮಾಸ್ತರ ಚನ್ನವೀರಪ್ಪನ ತೋಳಲ್ಲಿ ಆರು ವರ್ಷದ ಕಸ್ತೂರಿ ಸೆಟೆದುಕೊಂಡು ನಡುಗುತ್ತಿದ್ದಳು. ಅವನ ತೀರಿಹೋದ ಅಕ್ಕನ ಮಗಳು. ಅವನ ತಾಯಿ ನೀಲಾಬಾಯಿ ಮೂರ್ಛೆ ಬಿಡಲೆಂದು ಮಗುವಿನ ಮೂಗಿಗೆ ಚಪ್ಪಲಿ ಹಿಡಿದಿದ್ದಳು.

ಯುವತಿ ಮಗುವನ್ನು ಕಸಿದುಕೊಂಡವಳಂತೆ ತೆಗೆದು ನೆಲದ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಿದಳು.

"ಜ್ವರ ತಲಿಗೇರ್ಯಾವ. ಒದ್ದಿ ಅರಿವಿ ತರ್ರಿ. ಸರೀರಿ ಎಲ್ಲಾರೂ, ಗಾಳಿ ಬರ್ಲಿ!"

ಹಣೆಗೆ ಒದ್ದೆ ಬಟ್ಟೆ ಹಾಕಿದ ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಕಸ್ತೂರಿ ಕಣ್ಣು ತೆರೆದು "ಆಯೀ..." ಎಂದು ಅಜ್ಜಿಯನ್ನು ಕರೆದಳು.

ನೀಲಾಬಾಯಿ ಆ ಯುವತಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ದೇವರು ಬಂದಂಗ ಬಂದಿ ನನ್ನವ್ವ! ಯಾರ ಪೈಕಿ ನೀನು?"

"ಹೊಸಾ ನರ್ಸ್ ಹಿರಾಬಾಯಿ ಅಂತ್ರಿ. ಸೊಲ್ಲಾಪುರದ ಗಿರಣ್ಯಾಗ ದುಡಿಯೋ ಬಂಡೆಪ್ಪನ ಮಗಳು. ಮದಲ ನಮ್ಮ ಮಂದಿನ್ನ ಊರ ಹೊರಗ ಇಟ್ಟಿದ್ರು. ಹ್ವಾದ ವರ್ಷ ಬೌದ್ಧರಾದ್ವಿ."

ನೀಲಾಬಾಯಿಯ ಕೈಗಳು ಮೆಲ್ಲಗೆ ಸಡಿಲಗೊಂಡವು...

ಹಿರಾಬಾಯಿಗೆ ಇದು ಹೊಸದೇನಲ್ಲ. ಆದರೆ ಎದುರಿಗೆ ನಿಂತ ಮಾಸ್ತರ ತಲೆ ತಗ್ಗಿಸಿದ್ದು ಯಾಕೋ ಚುಚ್ಚಿತು.

ಅದು ೧೯೫೭. ಅಕ್ಕಲಕೋಟದ ಹೊರಗಿದ್ದ ಆ ಕನ್ನಡ ಸಾಲೆಯಲ್ಲಿ ಬರೀ ಪಾಠ ಸಾಲದು ಎಂದು ಅದನ್ನು ನಡೆಸುತ್ತಿದ್ದ ಸಂಸ್ಥೆಯವರು ಒಂದು ಕೋಣೆಯನ್ನು ದವಾಖಾನೆ ಮಾಡಿದ್ದರು. ಮಕ್ಕಳ ಕಣ್ಣುಬೇನೆ, ಕಜ್ಜಿ, ಜ್ವರಕ್ಕೆ ಅಲ್ಲೇ ಔಷಧಿ. ಬುಧವಾರ ತಾಯಂದಿರು ಕೂಸುಗಳನ್ನು ತಂದು ತೂಗಿಸುತ್ತಿದ್ದರು. ಗಂಡ ಸೊಲ್ಲಾಪುರದ ಗಿರಣಿಗೆ ಹೋದ ಹೆಂಗಸರಿಗೆ ಚನ್ನವೀರಪ್ಪ ಕಾಗದ ಬರೆದುಕೊಡುತ್ತಿದ್ದ. ಮಧ್ಯಾಹ್ನ ಎಲ್ಲ ಮಕ್ಕಳಿಗೂ ಹಾಲಿನ ಪುಡಿ ಕದಡಿ ಮಾಡಿದ ಬಿಸಿ ಹಾಲು. ಅದನ್ನು ಕಾಯಿಸಿ ಹಾಕುವುದು ಹಿರಾಬಾಯಿಯ ಕೆಲಸ.

ಚನ್ನವೀರಪ್ಪ ಅವಳಿಂದ ಮಕ್ಕಳ ಕಣ್ಣಿಗೆ ಮುಲಾಮು ಹಚ್ಚಲು ಕಲಿತ. ಶನಿವಾರ ಇಬ್ಬರೂ ಮನೆಮನೆಗೆ ಹೋಗಿ, ಸಾಲೆ ಬಿಟ್ಟ ಮಕ್ಕಳನ್ನು ಹುಡುಕುತ್ತಿದ್ದರು.

ಒಂದು ಸಂಜೆ ಹಿಂದಿರುಗುವಾಗ ಅವನೆಂದ, "ನೀವು ಬರೂಕಿಂತ ಮದಲ ನಾ ಬರೇ ಹುಡುಗ್ರು ಬರದ ಪಾಟಿ ನೋಡ್ತಿದ್ದೆ. ಹುಡುಗ್ರ ಮಾರಿ ನೋಡೂದು ನೀವು ಕಲಿಸಿದ್ರಿ."

ಅವಳು ನಕ್ಕಳು. ಒಳಗೊಳಗೇ ಹೆದರಿದಳು. 'ಈ ಮನುಷ್ಯಾ ಹಿಂಗ ಮಾತಾಡಬಾರದು... ನಾ ಹಿಂಗ ಕೇಳಬಾರದು!'

ಆದರೆ ಕೇಳುತ್ತಲೇ ಇದ್ದಳು.

ಹಾಲಿನ ಮಾತು ಊರಲ್ಲಿ ಹಬ್ಬಲು ಬಹಳ ದಿನ ಬೇಕಾಗಲಿಲ್ಲ. 'ಆಕಿ ಕೈಲೆ ಹಾಕಿದ್ದು ನಮ್ಮ ಮಕ್ಕಳು ಕುಡೀಬೇಕಾ?' ಹೊಲಮನೆಯುಳ್ಳವರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರು. ಅರವತ್ತು ಮಕ್ಕಳಿದ್ದ ಸಾಲೆಯಲ್ಲಿ ಹತ್ತೊಂಬತ್ತು ಉಳಿದವು. ಸಾಲೆ ಕಮಿಟಿಯ ಹಿರಿಯ ಬಸಯ್ಯ ಬಂದು ಚನ್ನವೀರಪ್ಪನನ್ನು ಗದರಿಸಿ ಹೋದ.

ಮರುದಿನ ಚನ್ನವೀರಪ್ಪ ಅವಳ ಮುಂದೆ ಬಂದು ನಿಂತ.

"ನರ್ಸ್ ಬಾಯಾರ... ಒಂದೆಂಟು ದಿನ ಹಾಲು ಬ್ಯಾರೆಯವ್ರು ಹಾಕ್ಲಿ. ಹುಡುಗ್ರು ತಿರುಗಿ ಬರೂತನಕ."

ಹಿರಾಬಾಯಿ ಅವನನ್ನೇ ದಿಟ್ಟಿಸಿದಳು. "ನನ್ನ ಕೈ ಹೊಲಸ ಅನಸ್ತದೇನ್ರಿ ನಿಮಗ?"

"ಛೇ! ನನಗಲ್ಲ..."

"ಮತ್ಯಾರಿಗಿ? ಬಂದು ಹೇಳಿದವ್ರು ನೀವ ಅದೀರಲ್ಲ!"

ಅವಳು ಸೌಟನ್ನು ಕೆಳಗಿಟ್ಟಳು. ಸದ್ದಾಗದಂತೆ ಇಟ್ಟಳು. ಅವಳು ಕೂಗಾಡಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಎರಡು ದಿನ ಬಿಟ್ಟು ಅವನು ಸಾಲೆಯ ಕೆಲಸಕ್ಕೆ ಸೊಲ್ಲಾಪುರಕ್ಕೆ ಹೋದ. ಅಂದೇ ಅವಳ ಕೈಗೆ ಕಮಿಟಿಯ ಕಾಗದ ಬಂತು. ನರ್ಸ್ ಬೇಕಾಗಿಲ್ಲ. ಕೊನೆಯಲ್ಲಿ ಒಂದು ಸಾಲು: ಮುಖ್ಯ ಮಾಸ್ತರರ ಒಪ್ಪಿಗೆಯ ಮೇರೆಗೆ.

'ಎದರಿಗಿ ಹೇಳಾಕ ಧೈರ್ಯ ಸಾಲಲಿಲ್ಲ ಅಂತ ಇಲ್ಲದಾಗ ಕಾಗದ ಕಳಸಿದ್ರೇನು!'

ಅವಳು ಯಾರನ್ನೂ ಏನೂ ಕೇಳಲಿಲ್ಲ. ದವಾಖಾನೆಗೆ ಕೀಲಿ ಹಾಕಿ ಬಸ್ ಹತ್ತಿದಳು.

ಸೊಲ್ಲಾಪುರದಲ್ಲಿ ಗಿರಣಿ ಆಳುಗಳ ಚಾಳಿನ ಒಂದೇ ಕೋಣೆಯ ಮನೆ. ತಂದೆ ಬಂಡೆಪ್ಪ ಏನೂ ಕೇಳದೆ ಚಾಪೆ ಬಿಚ್ಚಿ ಹಾಸಿದ. ಹಿರಾಬಾಯಿ ಗಿರಣಿಯ ಹೆಣ್ಣಾಳುಗಳ ಕೂಸುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಚನ್ನವೀರಪ್ಪನ ಎರಡು ಕಾಗದ ಬಂದವು. ಒಡೆಯದೆ ಎರಡನ್ನೂ ಹಿಂದಕ್ಕೆ ಕಳಿಸಿದಳು. ಕಳಿಸಿದ ದಿನ ಊಟ ಸೇರಲಿಲ್ಲ.

ನಾಲ್ಕು ತಿಂಗಳು ಕಳೆದವು.

ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಚನ್ನವೀರಪ್ಪ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಒಳಸೇರಿದ್ದವು. ಹಿಂದೆ ಸೆರಗು ಬಾಯಿಗೊತ್ತಿಕೊಂಡ ನೀಲಾಬಾಯಿ.

"ಯಾಕ ಬಂದ್ರಿ?" ಎಂದಳು ಹಿರಾಬಾಯಿ.

"ಕಸ್ತೂರಿ... ಹ್ವಾದಳ್ರಿ."

ಅವಳು ಗೋಡೆ ಹಿಡಿದುಕೊಂಡಳು.

"ಗಂಟಲಮಾರಿ ಆಗಿತ್ತು. ನಮಗ ತಿಳೀಲಿಲ್ಲ. ಗಂಟಲ ಬ್ಯಾನಿ, ಹೋಗ್ತದ ಅಂತ ಮೂರು ದಿನ ಕಾಯ್ದ್ವಿ. ನಾಕನೇ ದಿನ ಸೊಲ್ಲಾಪುರದ ದವಾಖಾನಿಗಿ ಹೊಂಟ್ವಿ... ಹಾದ್ಯಾಗ ನನ್ನ ತೊಡಿ ಮ್ಯಾಲ ಉಸರು ಬಿಟ್ಟಳು."

'ಮೊದಲನೇ ದಿನಾನ ಬಾಯಿ ತೆರಸಿದ್ರ ಒಳಗಿನ ಬೂದಿಬಣ್ಣದ ಪೊರಿ ಕಾಣಸ್ತಿತ್ತು! ಸೂಜಿ ಹಾಕಿಸಿದ್ರ...' ಅವಳು ಆ ಮಾತನ್ನು ನಾಲಿಗೆಗೆ ತರಲಿಲ್ಲ. ಅದು ಈಗ ಯಾರಿಗೆ ಬೇಕು? ಕುಸಿದು ಕುಳಿತು ಅತ್ತಳು.

ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು, "ನನ್ನ ಬಿಡಿಸೋ ಕಾಗದಕ್ಕ ಒಪ್ಪಿಗಿ ಯಾಕ ಕೊಟ್ರಿ?"

"ಕೊಟ್ಟಿಲ್ರಿ. ಬಸಯ್ಯನವ್ರು ನನ್ನ ಕೇಳದ ಬರದ್ರು. ನಾ ಬರೂದ್ರಾಗ ನೀವು ಹೋಗಿದ್ರಿ."

ತಾನು ಒಡೆಯದೆ ಹಿಂದಕ್ಕೆ ಕಳಿಸಿದ ಆ ಕಾಗದಗಳು...!

"ಆದ್ರ ಅದರ ಹಿಂದ ನಾ ಅಡಗೂದಿಲ್ಲ," ಅವನೆಂದ. "ಸವಟು ಕೆಳಗ ಇಡ್ರಿ ಅಂದವ ನಾನ. ನಾ ಅವತ್ತು ಬಗ್ಗಿದ್ದಕ್ಕ ಬಸಯ್ಯಗ ಧೈರ್ಯ ಬಂತು. ದವಾಖಾನಿ ಮುಚ್ಚಿತು. ಕಸ್ತೂರಿ... ನನ್ನ ಮನಿ ಕೂಸ ಹ್ವಾತು."

ಹಿರಾಬಾಯಿ ಇಲ್ಲವೆನ್ನಲಿಲ್ಲ. ಸುಳ್ಳು ಸಮಾಧಾನ ಅವಳಿಗೆ ಬಾರದು.

"ಸಂಸ್ಥೆದವ್ರಿಗಿ ಎಲ್ಲಾ ಹೇಳೀನಿ. ಆ ಕಾಗದ ರದ್ದಾತು. ಹತ್ತೊಂಬತ್ತು ಹುಡುಗ್ರು ಇರ್ಲಿ, ಒಂಬತ್ತ ಇರ್ಲಿ... ಹಾಲು ಹಾಕೂದು ನೀವ. ಅದನ್ನ ಊರಿಗೂ ಹೇಳಿ ಬಂದೀನಿ."

ಮಗನ ಹಿಂದೆ ನಿಂತಿದ್ದ ನೀಲಾಬಾಯಿ ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಕುಳಿತಳು.

"ನನ್ನ ಮೊಮ್ಮಗಳ ಬಾಯಿ ತೆರಸಿ ನೋಡಾವ್ರು ಯಾರೂ ಇರ್ಲಿಲ್ಲವ್ವ... ಬ್ಯಾರೆಯವ್ರ ಕೂಸಿನ್ನರೆ ನೋಡು. ಬಾ."

ಹಿರಾಬಾಯಿ ಒಳಗೆ ಹೋಗಿ ಚಹಾ ಮಾಡಿ ತಂದುಕೊಟ್ಟಳು. ಮುದುಕಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತುಟಿಯ ಹತ್ತಿರ ಒಯ್ದಳು, ಮತ್ತೆ ಮಡಿಲಿಗಿಳಿಸಿದಳು. ಚಹಾ ಹಾಗೇ ಆರಿತು.

ಚಾಳಿನ ನಳದ ಹತ್ತಿರ ಇಬ್ಬರೇ ನಿಂತಾಗ ಚನ್ನವೀರಪ್ಪ ಮೆಲ್ಲಗೆ ಹೇಳಿದ, "ಸಾಲಿ ಮಾತು ಬ್ಯಾರೆ, ಇದು ಬ್ಯಾರೆ. ನಿಮ್ಮ ಮ್ಯಾಲ ನನ್ನ ಜೀವ ಐತಿ ಹಿರಾಬಾಯಿ. ಹೇಳೂ ಹಕ್ಕು ಉಳದದೋ ಇಲ್ಲೋ, ಗೊತ್ತಿಲ್ಲ."

ಅವಳ ಕಣ್ಣು ತುಂಬಿದವು. "ಬ್ಯಾರೆ ಯಾರರೆ ಆ ಮಾತು ಅಂದಿದ್ರ ಸವಟು ಕೈಯಾಗ ಹಿಡದ ಜಗಳಾಡ್ತಿದ್ದೆ. ನೀವು ಅಂದ್ರಿ... ಅದಕ್ಕ ಬಿಟ್ಟು ಬಂದೆ."

"ಈಗ?"

"ಈಗೂ ಸಿಟ್ಟು ಹೋಗಿಲ್ಲ. ನಿಮ್ಮ ಮ್ಯಾಲಿನ ಜೀವಾನೂ ಹೋಗಿಲ್ಲ."

ಅವನು ಮುಖ ಮುಚ್ಚಿಕೊಂಡ. ಅವಳು ಆ ಕೈಗಳನ್ನು ಮುಖದಿಂದ ಬಿಡಿಸಿ ಹಿಡಿದುಕೊಂಡಳು.

"ನಿಮ್ಮವ್ವ ಚಹಾ ಕುಡೀಲಿಲ್ಲ."

"ನೋಡಿದೆ..."

"ನಮ್ಮಿಬ್ಬರ ಮಾತು ಆಕಿಗಿ ಗೊತ್ತೇನ್ರಿ?"

"ಹೇಳೀನಿ. ಎರಡು ದಿನ ಉಂಡಿಲ್ಲ. ಆದ್ರೂ ಇವತ್ತು ನನ್ನ ಜೋಡಿ ಬಸ್ ಹತ್ಯಾಳ."

ದೂರದಲ್ಲಿ ಗಿರಣಿಯ ಭೋಂಗಾ ಕೂಗಿತು.

"ಅಪ್ಪನ ಪಾಳಿ ಬಿಟ್ಟಿತು," ಎಂದಳು ಹಿರಾಬಾಯಿ. "ಹಾಲು ಹಾಕಾಕ ನಾ ಬರ್ತೀನಿ. ಅದಕ್ಕಿಂತ ಮದಲ ಒಳಗ ಬಂದು ಕೂಡ್ರಿ. ಈಗ ನನಗ ಹೇಳಿದ್ದು ಅವನಿಗೂ ಹೇಳ್ರಿ. ನಿಮ್ಮವ್ವನೂ ಕೇಳಬೇಕು, ಹಂಗ ಹೇಳ್ರಿ."

"ಹೇಳ್ತೀನಿ, ಹಿರಾ."