ಇನ್ನೊಂದು ಕುದಿ
೧೯೫೬ರ ಮೇ ತಿಂಗಳು. ಸಯನ್ ಪೇಟೆಯ ನಮ್ಮ ಹೋಟೆಲಿನ ಅಡುಗೆಯವ ಪದ್ಮನಾಭ ಯಾತ್ರಿಕರಿಗೆ ಅಡುಗೆ ಮಾಡಲು ಕೇದಾರದ ಕಡೆ ಹೋಗಿದ್ದ. ಅಷ್ಟು ಎತ್ತರದಲ್ಲಿ ಅನ್ನ ಬೇಯುವುದಿಲ್ಲ, ಹಿಮಗಾಳಿ ಬರುವ ಮೊದಲು ಇಳಿಯೋಣ ಎಂದು ದಾರಿ ತೋರಿಸುವವನು ಗೋಗರೆದನಂತೆ. ಈ ಮಹಾಶಯ, "ಇನ್ನೊಂದು ಕುದಿ ಬರ್ಲಿ ಮಾರಾಯ್ರೆ, ಅರೆಬೆಂದ ಅನ್ನ ಬಡಿಸ್ಲಿಕ್ಕಾಗ್ತದಾ?" ಎಂದು ಒಲೆ ಬಿಟ್ಟು ಏಳಲಿಲ್ಲ. ಉಳಿದವರು ಇಳಿದು ಬಂದರು. ಅವನು ಸಿಗಲೇ ಇಲ್ಲ.

ಆ ವಾರದಿಂದ ಇಲ್ಲಿ ಅವನ ಹಂಡೆಯಲ್ಲೂ ಅನ್ನ ಬೇಯುತ್ತಿಲ್ಲ. ನೀರು ಕೊತಕೊತ ಕುದಿಯುತ್ತದೆ, ಅಕ್ಕಿ ಮಾತ್ರ ಕಲ್ಲು. ಗಿರಾಕಿಗಳ ಬೈಗುಳವೆಲ್ಲ ನನಗೆ. ನಿನ್ನೆ ಊಟದ ಹೊತ್ತಿಗೆ ತಲೆಕೆಟ್ಟು, "ಸಾಕು ಪದ್ಮನಾಭಾ, ಇಳಿಯೋ ಮಾರಾಯ!" ಎಂದು ಕೂಗಿ ಮುಚ್ಚಳ ಎತ್ತಿದೆ. ಕೈಗೆ ಬಿಸಿ ತಾಗಲಿಲ್ಲ. ಕೆಳಗೆ ನೀರು ಕುದಿಯುತ್ತಲೇ ಇತ್ತು. ಮುಚ್ಚಳದ ಒಳಗೆಲ್ಲ ಹಿಮ ಕಟ್ಟಿತ್ತು.