ನೊಣದ ಕಾಲಿನ ಬಿಳಿ ಉಂಡೆ

“ನೊಣದ ಕಾಲಾಗಿದ್ದ ಬಿಳಿ ಉಂಡಿ ಎಲ್ಲೈತಿ?” ಅಂಜನಾ ಅತ್ತೆ ಭೂತಗನ್ನಡಿಯಿಂದ ಕಣ್ಣು ತೆಗೆಯದೆ ಕೇಳಿದಳು.

“ಆ ಕಸಾನಾ? ತೆಗದೆ,” ಎಂದಳು ಸೌಂದರ್ಯ. ಶಭಾಷ್ ಅನ್ನಿಸಿಕೊಳ್ಳಲು ಕಾದಳು.

ಅತ್ತೆ ಭೂತಗನ್ನಡಿ ಕೆಳಗಿಟ್ಟಳು.

ಅತ್ತೆ ಬಳ್ಳಾರಿಯ ಕಾಲೇಜಿನಲ್ಲಿ ನೊಣಗಳ ಬಗ್ಗೆ ಓದುತ್ತಿದ್ದಳು. ರಜೆ ಸಿಕ್ಕರೆ ಕುರುಗೋಡಿಗೆ ಬಂದು ಗುಡ್ಡ ಹತ್ತುತ್ತಿದ್ದಳು. ಊರವರು ಗುಡ್ಡಕ್ಕೆ ದೇವರಿಗಾಗಿ ಹೋಗುತ್ತಾರೆ. ಅತ್ತೆ ನೊಣಕ್ಕಾಗಿ ಹೋಗುತ್ತಿದ್ದಳು. ನಿನ್ನೆ ಸಂಜೆ ಸಿಕ್ಕ, ಡ್ಯಾನ್ಸ್ ಫ್ಲೈ ಎಂಬ ಕುಣಿಯುವ ಜಾತಿಯ ನೊಣಕ್ಕೆ ಜಗತ್ತಿನಲ್ಲಿ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲವಂತೆ. ಅದನ್ನು ಸಣ್ಣ ಕಾರ್ಡಿಗೆ ಅಂಟಿಸಿ, ಇರುವೆ ಬರದಂತೆ ನೀರು ತುಂಬಿದ ತಟ್ಟೆಯ ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲಿಟ್ಟಿದ್ದಳು. ಕಾವಲಿಗೆ ಅಣ್ಣನ ಮಗಳು ಸೌಂದರ್ಯ.

“ಅಮಾಸಿ ದಿನ ಮನ್ಯಾಗ ಜೇಡರ ಬಲಿ ಇರಬಾರ್ದು ಅಂತ ಅಜ್ಜಿ ಹೇಳಿದ್ಲು. ಗ್ವಾಡಿದು ತೆಗದೆ. ಅಟ್ಟದ್ದು ತೆಗದೆ. ನೊಣದ ಕಾಲಾಗೂ ಇತ್ತು…”

“ಅದು ಜೇಡರ ಬಲಿ ಅಲ್ಲಲೇ. ಗಂಡು ನೊಣ ಹುಳ ಹಿಡದು, ತನ್ನ ಕಾಲಿಂದ ಬರೋ ರೇಷ್ಮಿ ಸುತ್ತಿ, ಹೆಣ್ಣಿಗೆ ಗಿಫ್ಟ್ ಒಯ್ತೈತಿ. ಎಂಥ ಉಂಡಿ ಸುತ್ತೈತಿ ಅಂತ ಕಾಲೇಜಿನ ಸರ್‌ಗೆ ತೋರಿಸಬೇಕಿತ್ತು.”

ಬಾಗಿಲಲ್ಲಿ ನಿಂತಿದ್ದ ಜಂಬಮ್ಮಜ್ಜಿ ಇದನ್ನು ಗಂಭೀರವಾಗಿ ಕೇಳಿಸಿಕೊಂಡಳು. “ನೊಣಾನೂ ಗಿಫ್ಟ್ ತರ್ತಾವ. ನಿಮ್ಮಜ್ಜ ಒಂದು ಮೊಳ ಮಲ್ಲಿಗಿ ತಂದವ ಅಲ್ಲ.”

ಉಂಡೆ ಆಗಲೇ ತಿಪ್ಪೆ ಸೇರಿತ್ತು. ಮೂವರೂ ಹೋಗಿ ನೋಡಿದರು. ಕೋಳಿಗಳು ತಮ್ಮ ಕೆಲಸ ಮುಗಿಸಿ ಹೋಗಿದ್ದವು.

ಅಷ್ಟರಲ್ಲಿ ಸರ್ ಫೋನ್ ಬಂತು. ಸೌಂದರ್ಯ ಕಂಬದ ಹಿಂದೆ ಸರಿದಳು.

“ಇಲ್ರಿ ಸರ್, ಉಂಡಿ ಹೋತ್ರಿ. ನಾನ ಜ್ವಾಕಿ ಮಾಡಬೇಕಿತ್ತು. ಹೌದ್ರಿ, ನಂದ ತಪ್ಪು. ಸಂಜಿಕ ಮತ್ತ ಗುಡ್ಡಕ್ಕ ಹೊಕ್ಕೀನ್ರಿ. ಸಿಗಲಿಲ್ಲಂದ್ರ ಮುಂದಿನ ವರ್ಷನ ರೀ.”

ಫೋನಿನಲ್ಲಿ ಸೌಂದರ್ಯಳ ಹೆಸರು ಎಲ್ಲೂ ಬರಲಿಲ್ಲ. ಅವಳು ಅದಕ್ಕಾಗಿಯೇ ಕಿವಿಗೊಟ್ಟಿದ್ದಳು. ಫೋನ್ ಇಟ್ಟ ಮೇಲೂ ಅತ್ತೆ ಕಂಬದ ಕಡೆ ನೋಡಲಿಲ್ಲ. “ಬಿಸಿಲು ಇಳೀಲಿ, ಚಪ್ಲಿ ಹಾಕ್ಕೋ,” ಎಂದಳು ಅಷ್ಟೆ.

ಗುಡ್ಡದ ಬಂಡೆಗಳ ನಡುವೆ ಒಂದು ಸಣ್ಣ ನೀರಿನ ಗುಂಡಿ. ಅದರ ಮೇಲೆ ನೊಣಗಳು ಏರುತ್ತಾ ಇಳಿಯುತ್ತಾ ಕುಣಿಯುತ್ತಿದ್ದವು. ಬಹಳಷ್ಟು ಬರಿಗಾಲಿನವು, ಉಂಡೆ ಇಲ್ಲದವು.

“ಹೆಣ್ಣು ಗಿಫ್ಟ್ ತಿನ್ನೋತನಕ ಎರಡೂ ಜೋಡಿಲೆ ಹಾರ್ತಾವ,” ಎಂದು ಅತ್ತೆ ಪಿಸುಗುಟ್ಟಿದಳು. ಆಮೇಲೆ ನೊಣ ಹಿಡಿಯುವ ಬಲೆಯನ್ನು ಸೌಂದರ್ಯಳ ಕೈಗೆ ಕೊಟ್ಟಳು. “ನೀನ ಬೀಸು.”

“ನಾನಾ? ಮತ್ತ ಕೆಡಿಸಿದ್ರ?”

“ಕೆಡಿಸಿದ್ರ ಕೆಡಿಸ್ತಿ.”

ಬಂಡೆಯ ನೆರಳು ಗುಂಡಿಯ ಅರ್ಧಕ್ಕೆ ಬಂದಾಗ, ಕುಣಿತದ ನಡುವೆ ಒಂದು ಬಿಳಿ ಚುಕ್ಕೆ ಕಂಡಿತು. ಒಂದೇ ಒಂದು.

“ಬೀಸು!” ಎಂದಳು ಅತ್ತೆ.

ಸೌಂದರ್ಯ ಬಲೆ ಎತ್ತಿ ಹಿಡಿದಳು. ಬೀಸಲಿಲ್ಲ.

“ಬೀಸಲೇ, ಹೋಗಿಬಿಡ್ತೈತಿ!”

“ತಡಿ ಅತ್ತಿ. ಇನ್ನಾ ಗಿಫ್ಟ್ ಕೊಟ್ಟಿಲ್ಲ.”

ಮೇಲಿನಿಂದ ಇನ್ನೊಂದು ನೊಣ ಇಳಿದು ಬಂತು. ಬಿಳಿ ಚುಕ್ಕೆ ಒಂದರ ಕಾಲಿನಿಂದ ಇನ್ನೊಂದರ ಕಾಲಿಗೆ ಹೋಯಿತು.

ಆಮೇಲೆ ಸೌಂದರ್ಯ ಬೀಸಿದಳು.